ಮಾಸ್ತರರ ಮೂಕ ಕ್ಲಾರಿಯೋನೆಟ್

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ. ಇಂದು ಗಂಗಾವತಿಯಲ್ಲಿ ಮದುವೆ ಮೆರವಣಿಗೆ. ಡಿಜೆ ಗಾಡಿಯ ಮುಂದೆ ನಮ್ಮೂರ ಬ್ಯಾಂಡಿನ ಖಾಜಾ ಮಾಸ್ತರು ಕ್ಲಾರಿಯೋನೆಟ್ ತುಟಿಗಿಟ್ಟು ನಿಂತಿದ್ದರು, ಊದುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಅವರು ಸಿನಿಮಾ ಹಾಡು ಊದಿದರೆ ಓಣಿಯೇ ಕುಣಿಯುತ್ತಿತ್ತು. ತಡೆಯಲಾಗದೆ ವರನ ಕಾಕಾನನ್ನು ಕೇಳಿದೆ.

"ಊದಬ್ಯಾಡ್ರಿ, ಬರೇ ಹಿಡ್ಕೊಂಡು ನಿಂದರ್ರಿ ಅಂತ ನಾವ ಹೇಳೀವ್ರಿ. ವಿಡಿಯೋದಾಗ ಛಲೋ ಕಾಣ್ತೈತಿ."

ಬಸ್ ನಿಲ್ದಾಣದ ಎದುರು ಡಿಜೆಯ ಜನರೇಟರ್ ಕೈಕೊಟ್ಟಿತು. ಕಾಕಾ ಓಡಿಬಂದರು. "ಮಾಸ್ತರ, ಒಂದು ಹಳೇ ಹಾಡು ಊದ್ರಿ, ಲಗೂನ."

ನಾನು ಕುಣಿಯಲು ಕರವಸ್ತ್ರ ತೆಗೆದೆ.

"ರೀಡ್ ಮನ್ಯಾಗ ಐತ್ರಿ, ಅದಿಲ್ದ ಸ್ವರ ಬರಂಗಿಲ್ಲ," ಎಂದರು ಮಾಸ್ತರು. "ಬರೇ ಹಿಡ್ಕೊಳ್ಳಾಕ ಅದ್ಯಾಕಂತ ತರಲಿಲ್ರಿ."

ವಿಡಿಯೋ ಆಗಲೇ ವಾಟ್ಸಾಪಿಗೆ ಬಂದಿದೆ. ಮಾಸ್ತರು ಛಲೋ ಕಾಣುತ್ತಾರೆ. ಕರವಸ್ತ್ರ ಎತ್ತಿ ಹಿಡಿದು ಪೆದ್ದನಂತೆ ನಿಂತವನು ನಾನು.