ಸಾಹೇಬರು ಲೊಚಗುಟ್ಟುತ್ತಿರಲಿಲ್ಲ

ಟೀಚರ್, ಮೂರು ವರ್ಷದ ಹಿಂದೆ ಹೊಳೆದಂಡೆಯಲ್ಲಿ ನಿಮ್ಮ ಕಾರಿನೊಳಗೆ ಮಾತಾಡಿದ್ದು ಸಾಹೇಬರಲ್ಲ. ನಾನು. ಹಿಂದಿನ ಸೀಟಿನಲ್ಲಿ ಕೂತಿದ್ದ ದಾವಣಗೆರೆಯ ಮೆಕ್ಯಾನಿಕ್ ಬಸವರಾಜ.

ಇದನ್ನು ಬರೆದು ಕೊಡುತ್ತಿದ್ದೇನೆ, ಹೇಳುತ್ತಿಲ್ಲ. ಬಾಯಿ ತೆರೆದರೆ ಯಾರ ದನಿ ಹೊರಬೀಳುತ್ತದೋ — ನನ್ನ ಬಾಯಿಯ ಮೇಲೆ ಈಗ ನನಗೇ ನಂಬಿಕೆಯಿಲ್ಲ.

ನನ್ನ ಅಣಕಿಸುವ ಚಾಳಿ ನಿಮಗೆ ಗೊತ್ತಿರುವುದೇ. ಶಾಮನೂರು ರಸ್ತೆಯ ನಮ್ಮ ಗ್ಯಾರೇಜಿನಲ್ಲಿ ನಾನು ಯಾರನ್ನೂ ಬಿಟ್ಟವನಲ್ಲ. ಮಾಲೀಕರ ಕೆಮ್ಮು, ಗಿರಾಕಿಗಳ ಗೊಣಗಾಟ, ಸ್ಪ್ಯಾನರ್ ಕಾಲ ಮೇಲೆ ಬಿದ್ದಾಗ ನಾನೇ ಮೇಕೆಯಂತೆ ಅರಚುವುದು — ಎಲ್ಲ ಮಾಡಿ ತೋರಿಸುತ್ತೇನೆ. ನಮ್ಮ ಕಸುಬಿಗೆ ಅದು ಸ್ವಲ್ಪ ಬೇಕು ಕೂಡ. ಕಾರು ಒಮ್ಮೊಮ್ಮೆ ಸ್ಟಾರ್ಟ್ ಆಗುವುದಿಲ್ಲ ಎಂದು ಬಂದವರಿಗೆ ನಾವು ಮೊದಲು ಹೇಳುವುದು, “ಹೆಂಗ್ ಸೌಂಡ್ ಬರ್ತೈತೆ, ಬಾಯಾಗೆ ಮಾಡಿ ತೋರ್ಸ್ರಿ.” ಟಕಟಕಟಕ ಎಂದರೆ ಬ್ಯಾಟರಿ ಸೋತಿದೆ. ಒಂದೇ ಒಂದು ‘ಟಕ್’, ಆಮೇಲೆ ಮೌನ — ಅಂದರೆ ಕರೆಂಟು ದಾರಿಯಲ್ಲೆಲ್ಲೋ ನಿಂತಿದೆ. ಎಂಥ ದೊಡ್ಡ ಮನುಷ್ಯರೂ ನಮ್ಮ ಮುಂದೆ ನಿಂತು ತಮ್ಮ ಕಾರಿನ ಅಣಕ ಮಾಡಿಯೇ ಹೋಗುವುದು.

ನಿಮ್ಮ ಯಜಮಾನರು, ನಮ್ಮ ಸಾಹೇಬರು, ತೀರಿಕೊಂಡ ಮೇಲೆ ನೀವು ಡ್ರೈವಿಂಗ್ ಕಲಿತು, ಹರಿಹರದಿಂದ ಒಬ್ಬರೇ ಓಡಿಸಿಕೊಂಡು ಬಂದು, ಸೆರಗು ಬಾಯಿಗೆ ಹಿಡಿದು “ಟಕ್” ಎಂದಿದ್ದಿರಿ. ಆದರೆ ನಮ್ಮಲ್ಲಿಗೆ ತಂದಾಗಲೆಲ್ಲ ಕಾರು ಹೆಡ್‌ಮಾಸ್ಟರನ್ನು ಕಂಡ ಹುಡುಗನಂತೆ ಸಂಭಾವಿತ. ಮೊದಲ ಸಲಕ್ಕೇ ಸ್ಟಾರ್ಟ್. ಕೊನೆಗೆ, ಅದು ಕೈಕೊಡುವ ಜಾಗದಲ್ಲೇ, ಹೊಳೆದಂಡೆಯಲ್ಲೇ, ನೋಡೋಣ ಎಂದು ನಾನು ಬಸ್ಸು ಹತ್ತಿ ನಿಮ್ಮೂರಿಗೆ ಬಂದೆ.

ಮುಂದಿನ ಸೀಟಿನ ಮೇಲೆ ಸಾಹೇಬರ ಬಿಳಿ ಟೋಪಿ ಇತ್ತು. ಎತ್ತಿಡಲು ಮನಸ್ಸಾಗದೆ ಹಿಂದೆ ಕೂತೆ. ಅಲ್ಲಿಂದಲೇ ಶುರುವಾಯಿತೇನೋ —

ಬೇಸಿಗೆಯ ನಡುಮಧ್ಯಾಹ್ನ. ಹೊಳೆದಂಡೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನೀರು ಕೂಡ ನಿಂತಂತೆ ಕಾಣುತ್ತಿತ್ತು. ನೀವು ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದಿರಿ. ಟಕ್. ಮತ್ತೆ ಟಕ್. ನಾಲ್ಕನೇ ಸಲ, ನನ್ನ ನಾಲಿಗೆಗೆ ನವೆ. ಸಾಹೇಬರು ಕಾರನ್ನು ಮಗಳೆಂದು ಕರೆದು ಡ್ಯಾಶ್‌ಬೋರ್ಡ್ ತಟ್ಟಿ ಹೇಳುತ್ತಿದ್ದ ಮಾತು, ನಾನು ಗ್ಯಾರೇಜಿನಲ್ಲಿ ನೂರು ಸಲ ಆಡಿ ನಗಿಸಿದ್ದ ಮಾತು, ಬಾಯಿಂದ ಜಾರಿತು:

“ಲೊಚ್... ಏಳ್ ಬೇಟಿ, ಹೊತ್ತಾತು.”

ನಿಮ್ಮ ಕೈ ತಿರುಗಿತು. ಕಾರು ಸ್ಟಾರ್ಟ್ ಆಯಿತು.

ನೀವು ನಗುತ್ತೀರಿ, ಇಲ್ಲವೇ ಬೈಯುತ್ತೀರಿ ಎಂದುಕೊಂಡಿದ್ದೆ. ನೀವು ತಿರುಗಲಿಲ್ಲ. ಕನ್ನಡಿಯಲ್ಲಿ ನೋಡಿದಿರಿ — ನನ್ನನ್ನಲ್ಲ, ನನ್ನ ಪಕ್ಕದ ಖಾಲಿ ಜಾಗವನ್ನು.

“ಬಸು, ನೀ ಏನಾರ ಅಂದ್ಯೇನಪ್ಪ?”

“ಇಲ್ಲಲ್ಲ ಟೀಚರ್.”

ಅಷ್ಟೇ. ಎರಡು ಪದ.

ಮನೆಗೆ ಬಂದ ಮೇಲೆ ನೀವು ಚಹಾ ಇಡಲು ಒಳಗೆ ಹೋದಿರಿ. ನಾನು ಬಾನೆಟ್ ಎತ್ತಿ ವೈರುಗಳನ್ನು ಒಂದೊಂದಾಗಿ ಅಲುಗಿಸಿದೆ. ಎಂಜಿನ್ನಿಗೂ ಬಾಡಿಗೂ ನಡುವೆ ಒಂದು ಅರ್ಥ್ ವೈರ್ ಇರುತ್ತದೆ, ಕರೆಂಟು ವಾಪಸ್ ಹೋಗುವ ದಾರಿ. ಅದರ ಬೋಲ್ಟ್ ಸಡಿಲ, ತುದಿಗೆ ತುಕ್ಕು. ಬಿಸಿಗೆ, ಕುಲುಕಾಟಕ್ಕೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಹತ್ತನೇ ನಂಬರ್ ಸ್ಪ್ಯಾನರಿನಲ್ಲಿ ಐದು ನಿಮಿಷದ ಕೆಲಸ. ಸ್ಪ್ಯಾನರ್ ಕೈಯಲ್ಲೇ ಇತ್ತು. ಆಗ ಅಡುಗೆಮನೆಯಿಂದ ನೀವು ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು: “ಅವ್ರು ಮಾತಾಡಿದ್ರು ಕಣೆ. ನನ್ನ ಕಿವಿಯಾರೆ ಕೇಳ್ದೆ.”

ಬಾನೆಟ್ ಮುಚ್ಚಿದೆ. “ಏನೂ ಸಿಗ್ಲಿಲ್ಲ ಟೀಚರ್, ಗಾಡಿ ಸರಿಯಾಗೇ ಐತೆ” ಎಂದೆ. ಕನಿಕರದಿಂದ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಅಣಕವನ್ನು ಅದುವರೆಗೆ ಯಾರೂ ನಿಜವೆಂದು ನಂಬಿರಲಿಲ್ಲ, ನೀವು ನಂಬಿದಿರಿ. ನನಗೆ ಒಳಗೊಳಗೇ ಖುಷಿಯಾಗಿತ್ತು.

ಹೋದ ತಿಂಗಳು ಹರಿಹರಕ್ಕೆ ಬೇರೆ ಕೆಲಸಕ್ಕೆ ಬಂದವನು ನಿಮ್ಮ ಗೇಟು ತೆಗೆದೆ. ಉರಿಬಿಸಿಲು. ಅಂಗಳದಲ್ಲಿ ಕಾರು ನಿಂತಿತ್ತು, ಗಾಜುಗಳೆಲ್ಲ ಮೇಲೆ. ಒಳಗಿನಿಂದ ಗಂಡಸಿನ ದಪ್ಪ ದನಿ.

“ಲೊಚ್... ಏಳ್ ಬೇಟಿ, ಹೊತ್ತಾತು.”

ಟಕ್.

“ಲೊಚ್... ಏಳ್ ಬೇಟಿ...”

ಗಾಜಿಗೆ ಮುಖ ಹಚ್ಚಿ ನೋಡಿದರೆ — ಒಳಗೆ ನೀವೊಬ್ಬರೇ. ಹಣೆಯಿಂದ ಬೆವರು ಇಳಿಯುತ್ತಿತ್ತು. ಆಡುತ್ತಿದ್ದುದು ನಿಮ್ಮ ತುಟಿಗಳೇ.

ಬಾಗಿಲು ತೆಗೆದು ನೀವು ಎಂದಿನ ದನಿಯಲ್ಲೇ ಮಾತಾಡಿಸಿದಿರಿ. “ಬಾರಪ್ಪ ಬಸು. ಇವತ್ತು ಸಾಹೇಬ್ರು ಹಟ ಹಿಡ್ದಾರೆ. ಅವ್ರು ಮಾತಾಡ್ದೇ ಇದ್ರೆ ನಾನೇ ಅವ್ರಂಗೆ ಅಂದು ನೋಡ್ತೀನಿ.” ಆಮೇಲೆ ಮುಗುಳ್ನಕ್ಕು, “ಮಾತಿಗೆ ಮುಂಚೆ ಹಿಂಗೆ ಲೊಚ್ ಅಂತಿದ್ರಲ್ಲ, ನಿನಗೂ ನೆಪ್ಪೈತಲ್ಲ?”

“ಹೂಂ ಟೀಚರ್.”

ಟೀಚರ್, ಸಾಹೇಬರು ಯಾವತ್ತೂ ಲೊಚಗುಟ್ಟಿದವರಲ್ಲ. ಅದು ಗ್ಯಾರೇಜಿನವರನ್ನು ನಗಿಸಲು ನಾನು ಹಚ್ಚಿದ ಮಸಾಲೆ. ದನಿ ಕೂಡ ಅಷ್ಟು ದಪ್ಪ ಇರಲಿಲ್ಲ. ದಪ್ಪ ಮಾಡಿದರೆ ನಗು ಜಾಸ್ತಿ ಬರುತ್ತಿತ್ತು. ಮೂವತ್ತು ವರ್ಷ ಜೊತೆಗೆ ಬಾಳಿದವರ ದನಿ ನಿಮ್ಮ ಕಿವಿಯಿಂದ ಹೋಗಿ, ಆ ಜಾಗದಲ್ಲಿ ನನ್ನ ತಮಾಷೆ ಕೂತಿದೆ. ವೈರು ಸಡಿಲ ಬಿಟ್ಟಿದ್ದು ಅದರ ಮುಂದೆ ಏನೂ ಅಲ್ಲ.

ಅವರ ನಿಜವಾದ ದನಿ ಇದೆ. ನನ್ನ ಫೋನಿನಲ್ಲಿ, ಹನ್ನೊಂದು ಸೆಕೆಂಡು. ಕಾರಿಗೆ ಈ ಕಾಯಿಲೆ ಶುರುವಾದ ದಿನ ವಾಟ್ಸಾಪಿನಲ್ಲಿ ಕಳಿಸಿದ್ದರು: “ಬಸಣ್ಣ, ಕೇಳಪ್ಪ, ಹಿಂಗಂತೈತೆ — ಟಕ್. ಟೀಚರ್‌ಗೆ ಹೇಳ್ಬ್ಯಾಡ, ಗಾಬರಿ ಬೀಳ್ತಾಳೆ.” ತೆಳು ದನಿ, ಸ್ವಲ್ಪ ಮೂಗಿನದು. ಹಿಂದೆ ಎಲ್ಲೋ ನೀವು ನಗುವುದೂ ಕೇಳುತ್ತದೆ. ಮೂರು ವರ್ಷ ಅದನ್ನು ಬಚ್ಚಿಟ್ಟುಕೊಂಡೆ. ನೀವು ಕೇಳಿಸಿಕೊಂಡರೆ ನನ್ನ ಕಳ್ಳತನ ಗೊತ್ತಾಗುತ್ತಿತ್ತಲ್ಲ. ಈಗಿನ ಹೆದರಿಕೆ ಬೇರೆ — ಅದನ್ನು ಕೇಳಿ ನೀವು “ಇದ್ಯಾರಪ್ಪ?” ಅಂದುಬಿಟ್ಟರೆ...

ಭಾನುವಾರ ಬರುತ್ತೇನೆ. ಈ ಕಾಗದ ನಿಮ್ಮ ಕೈಗಿಟ್ಟು, ನೀವು ಓದಿ ಮುಗಿಸುವವರೆಗೆ ಗೇಟಿನ ಹೊರಗೆ ನಿಂತಿರುತ್ತೇನೆ. ಕರೆದರೆ ಒಳಗೆ ಬಂದು ಮೊದಲು ಫೋನು ಕೊಡುತ್ತೇನೆ, ಆಮೇಲೆ ಬೋಲ್ಟ್ ಬಿಗಿಯುತ್ತೇನೆ. ಕರೆಯದಿದ್ದರೆ ಫೋನನ್ನು ಗೇಟಿನ ಮೇಲಿಟ್ಟು ಹೋಗುತ್ತೇನೆ.

ಬೋಲ್ಟ್ ಬಿಗಿದ ಮೇಲೆ ಕೀಲಿ ತಿರುಗಿಸಿ, ಟೀಚರ್. ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ. ಕಾರಿನೊಳಗೆ ಯಾರೂ ಮಾತಾಡುವುದಿಲ್ಲ.