ಗದ್ದದ ಮೂರು ಬೊಟ್ಟು ಮತ್ತು ನಮ್ಮ ಟೈಪಿಂಗ್ ಸರ್

ನಮ್ಮ ಟೈಪಿಂಗ್ ಸರ್ ಅವರ ಎಡ ಮೂಗಿನಲ್ಲಿ ಜೋಳದ ಕಾಳಿನಷ್ಟು ಬಂಗಾರದ ಮೂಗುತಿ ಇತ್ತು. ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಹಣೆ ತುಂಬ ವಿಭೂತಿ, ಅವುಗಳ ನಡುವೆ ಆ ಮೂಗುತಿ. ಅವರಿಗಿಂತ ಮೊದಲು ಹುಟ್ಟಿದ ನಾಲ್ಕು ಗಂಡುಕೂಸು ಕೈಗೆ ಹತ್ತದೆ ತೀರಿಹೋಗಿದ್ದವಂತೆ. ಐದನೆಯದಾದರೂ ಉಳಿಯಲಿ ಎಂದು ಹೆಣ್ಣುಕೂಸಿಗೆ ಮಾಡುವ ಹಾಗೆ ಮೂಗು ಚುಚ್ಚಿಸಿದ್ದರು. ಗಡಿಯಾಚೆ ಮರಾಠಿ ಸೀಮೆಯ ನಿಲಂಗಾದ ಬಸ್ ಸ್ಟ್ಯಾಂಡ್ ಹಿಂದಿನ ಅವರ ಕ್ಲಾಸಿಗೆ ಹೊಸದಾಗಿ ಸೇರಿದವರು ಒಂದು ವಾರ ಕೀಬೋರ್ಡ್ ಬಿಟ್ಟು ಆ ಮೂಗನ್ನೇ ನೋಡುತ್ತಿದ್ದರು. ನಾನೂ ನೋಡಿದೆ.

"ನೋಡೂದು ಮುಗೀತಾ? ಇನ್ನ ಬೆರಳ ಇಡ್ರಿ," ಎಂದು ನಗುತ್ತಿದ್ದರು.

ಹರೆಯದಲ್ಲಿ ಅವರು ಒಂದು ಕಚೇರಿಯ ಕೆಲಸಕ್ಕೆ ಹೋಗಿದ್ದರು. ಸಾಹೇಬ, ಮೊದಲು ಅದನ್ನು ತೆಗೆದು ಬಾ ಎಂದನಂತೆ. ಇವರು ತೆಗೆಯಲೂ ಇಲ್ಲ, ಮತ್ತೆ ಹೋಗಲೂ ಇಲ್ಲ. ಎರಡು ಹಳೆಯ ಟೈಪ್‌ರೈಟರ್ ತಂದು ಕ್ಲಾಸು ತೆರೆದರು.

ನಮ್ಮದು ಜಳಕೋಟದ ಕಡೆಯ ಕುರಿ ಸಾಕುವ ಮನೆ, ಬೀರಪ್ಪನ ಒಕ್ಕಲು. ನಾನು ಏಳು ವರ್ಷದವಳಿದ್ದಾಗ ಅಜ್ಜಿ ತೊಡೆಯ ಮೇಲೆ ಒತ್ತಿ ಹಿಡಿದು ನನ್ನ ಗದ್ದಕ್ಕೆ ಮೂರು ಹಚ್ಚೆಬೊಟ್ಟು ಹಾಕಿಸಿದ್ದಳು. "ಸತ್ತಾಗ ಬೆಳ್ಳಿ ಬಂಗಾರ ಇಲ್ಲೇ ಉಳೀತದ. ಇದೊಂದೇ ನಿನ್ನ ಸಂಗಾಟ ಬರೂದು," ಎಂದಿದ್ದಳು. ಊರಲ್ಲಿ ಅದು ಚೆಂದವೇ. ನಿಲಂಗಾದಲ್ಲಿದ್ದು ಬಿ.ಎ. ಮುಗಿಸಿ ಕೆಲಸ ಹುಡುಕಲು ಉದಗೀರಕ್ಕೆ ಹೋದಾಗ ಗೊತ್ತಾಯಿತು ನನ್ನ ಹಣೆಬರಹ. ಒಂದು ಶಾಲೆಯವರು ನನ್ನ ಮುಖ ನೋಡಿ, ಮಾರ್ಕ್ಸ್ ಕಾರ್ಡ್ ತೆರೆಯದೆಯೇ ತಿರುಗಿ ಕೊಟ್ಟರು. ಬಟ್ಟೆ ಅಂಗಡಿಯ ಮಾಲೀಕ, ಗಿರಾಕಿಗಳ ಮುಂದೆ ಈ ಮುಖ ಬೇಡ, ಗೋದಾಮಿನಲ್ಲಿ ಕೆಲಸವಿದ್ದರೆ ಹೇಳುತ್ತೇವೆ ಎಂದ. ಅವನ ಮಗ ಪಕ್ಕದಲ್ಲೇ ಕೂತಿದ್ದ, ತೋಳು ತುಂಬ ತ್ರಿಶೂಲ, ಡಮರು ಬರೆಸಿಕೊಂಡು. ಅದು ಫ್ಯಾಶನ್ನು, ನನ್ನದು ಹಳ್ಳಿಗಾಡು! ಮೈಯೆಲ್ಲ ಉರಿದುಹೋಯಿತು.

ಸಿಟ್ಟು ಆ ಮಾಲೀಕನ ಮೇಲೆ, ಆದರೆ ಅದನ್ನು ತೀರಿಸಿಕೊಂಡದ್ದು ನನ್ನ ಗದ್ದದ ಮೇಲೆ. ಯಾರೋ ಹೇಳಿದರೆಂದು ಸುಣ್ಣಕ್ಕೆ ಸೋಡಾ ಕಲಸಿ ಬೊಟ್ಟಿನ ಮೇಲೆ ಮೆತ್ತಿಕೊಂಡೆ. ಚರ್ಮ ಸುಟ್ಟು ಬೊಬ್ಬೆ ಬಂತು, ಬೊಟ್ಟು ಮಾತ್ರ ಅಲುಗಲಿಲ್ಲ. ಗದ್ದಕ್ಕೆ ಬಟ್ಟೆ ಕಟ್ಟಿಕೊಂಡು ಕ್ಲಾಸಿಗೆ ಹೋದೆ.

"ಹುಚ್ಚಿ ಏನ್ ನೀ? ಸುಣ್ಣ ಗ್ವಾಡಿಗಿ ಹಚ್ತಾರ, ಮುಖಕ್ಕಲ್ಲ!" ಸರ್ ಅಷ್ಟು ಜೋರಾಗಿ ಬೈದದ್ದು ಅದೇ ಮೊದಲು. ಆಮೇಲೆ ತಾವೇ ಹೋಗಿ ಮುಲಾಮು ತಂದರು.

ಗಾಯ ಮಾಯ್ದ ಮೇಲೆ ಹೊಸ ಪಾಠ ಶುರುವಾಯಿತು. ದಿನಾ ಕ್ಲಾಸು ಮುಗಿಯುತ್ತಲೇ ಮೇಜಿನ ಆ ಕಡೆ ಸಾಹೇಬರ ಹಾಗೆ ಬಿಗಿದುಕೊಂಡು ಕೂತು ಕೇಳುತ್ತಿದ್ದರು.

"ಗದ್ದದ ಮ್ಯಾಲ ಅದೇನವಾ?"

"ಹಚ್ಚಿ ಅದರಿ. ನಮ್ಮಜ್ಜಿ ಹಾಕಿಸ್ಯಾಳ."

"ಕೈ ಯಾಕ ಮ್ಯಾಲ ಹೋತು? ಇನ್ನೊಮ್ಮಿ."

ನನಗೆ ತಿಳಿಯದೆಯೇ ಕೈ ಗದ್ದ ಮುಚ್ಚಲು ಹೋಗಿರುತ್ತಿತ್ತು. ಕೈ ಮೇಜಿನ ಮೇಲೆಯೇ ನಿಲ್ಲಲು ಹದಿನೈದು ದಿನ ಬೇಕಾಯಿತು. "ಅವರು ಕೇಳ್ಲಿ. ಕೇಳೂದು ಅವರ ಕೆಲಸ. ನೀ ತಲಿ ಬಗ್ಗಿಸ್ಬ್ಯಾಡ," ಎನ್ನುತ್ತಿದ್ದರು.

ಇಷ್ಟೆಲ್ಲ ಕಲಿತು ನಾನು ಮಾಡಿದ್ದೇನು? ಉದಗೀರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಂಡು ಕೇಸ್ ಪೇಪರ್ ಮಾಡುವ ಕಿಟಕಿಗೆ ಜನ ಬೇಕು ಎಂದಾಗ, ಗದ್ದಕ್ಕೆ ದಪ್ಪಗೆ ಕ್ರೀಮು, ಪೌಡರು ಬಳಿದುಕೊಂಡು ಹೋದೆ. ಕೆಲಸ ಸಿಕ್ಕಿತು. ಎಂಟು ತಿಂಗಳು ಹಾಗೇ ಬಳಿದುಕೊಂಡೆ. ಬೆವರು ಒರೆಸಲೂ ಹೆದರಿಕೆ. ಸರ್‌ಗೆ ಫೋನಿನಲ್ಲಿ ಕೆಲಸ ಸಿಕ್ಕಿತೆಂದು ಮಾತ್ರ ಹೇಳಿದ್ದೆ.

ಒಂದು ದಿನ ಅವರೇ ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ತೆಗೆಸಲು ಬಂದರು. ಕಿಟಕಿಯ ಮುಂದೆ ಬಗ್ಗಿ ನನ್ನ ಗದ್ದವನ್ನೇ ನೋಡಿದರು. ನನ್ನ ಜೊತೆ ಎಂದೂ ಕನ್ನಡ ಬಿಟ್ಟು ಮಾತಾಡದವರು ಮರಾಠಿಯಲ್ಲಿ, "ಮ್ಯಾಡಮ್, ಸಹೀ ಕುಠೆ ಕರಾಯಚಿ?" ಎಂದು ಕೇಳಿದರು, ಸಹಿ ಎಲ್ಲಿ ಮಾಡಬೇಕೆಂದು.

"ಸರ್, ನಾನ್ರೀ," ಎಂದೆ.

"ನಮ್ಮ ಹುಡುಗಿ ಒಬ್ಬಾಕಿ ಇಲ್ಲಿ ಕೆಲಸಕ್ಕ ಹತ್ಯಾಳ ಅಂತ ತಿಳದಿದ್ದೆ," ಎಂದರು ಕನ್ನಡದಲ್ಲಿ, ಮೆಲ್ಲಗೆ. "ಆಕಿ ಎಲ್ಲೂ ಕಾಣವಲ್ಲಳು."

ಚೀಟಿ ತೆಗೆದುಕೊಂಡು ಒಳಗೆ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಬರೀ ಮುಖದಲ್ಲಿ ಹೋದೆ. ಮ್ಯಾನೇಜರ್ ಹೌಹಾರಿದ. ಇದೇನು, ರೋಗಿಗಳು ಏನಂದುಕೊಳ್ಳುತ್ತಾರೆ ಎಂದ. ನನ್ನ ಕೈ ಮೇಜಿನ ಮೇಲೇ ಇತ್ತು. "ಹಚ್ಚಿ ಅದರಿ. ಇದಕ್ಕ ಕಿಟಕಿ ಬಿಡಬೇಕಂದ್ರ ಬರದ್ ಕೊಡ್ರಿ," ಎಂದೆ. ಅವನು ಬರೆದು ಕೊಡಲಿಲ್ಲ. ಅರ್ಧ ಗಂಟೆಯೊಳಗೆ ನನ್ನನ್ನು ಹಿಂದಿನ ರೆಕಾರ್ಡ್ ಕೋಣೆಗೆ ಕಳಿಸಿದ. ಅಂದೇ ಸರ್ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಹೋದರು. ನಾನು ಧೂಳಿನ ಫೈಲುಗಳ ನಡುವೆ ಇದ್ದೆ.

ಬಿಡುತ್ತೇನೆಯೇ? ಪ್ರತಿ ಸೋಮವಾರ ಒಂದು ಅರ್ಜಿ ಟೈಪ್ ಮಾಡಿ ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟೆ. ಅದರಲ್ಲಿ ಒಂದೇ ಪ್ರಶ್ನೆ: ನನ್ನ ಕೆಲಸದಲ್ಲಿ ತಪ್ಪೇನು? ಐದನೆಯ ಸೋಮವಾರ ಅವರು ನನ್ನನ್ನು ಕರೆಸಿ, ಎಂಟು ತಿಂಗಳ ಪೇಪರು ತೆಗೆಸಿ ನೋಡಿದರು. ತಪ್ಪೇನಿಲ್ಲ, ಹೋಗಿ ಕಿಟಕಿಯಲ್ಲಿ ಕೂಡು ಎಂದರು.

ಸರ್ ಚಷ್ಮಾಕ್ಕೆ ಬರಬೇಕಿದ್ದದ್ದು ಅದೇ ವಾರದ ಶುಕ್ರವಾರ. ಅವರು ಬರುವ ಹೊತ್ತಿಗೆ ಕಿಟಕಿಯಲ್ಲೇ ಇರಬೇಕೆಂದು ನಾನು ಚಹಾಕ್ಕೂ ಏಳಲಿಲ್ಲ. ಹನ್ನೆರಡಕ್ಕೆ ಅವರ ಸೊಸೆ ಒಬ್ಬಳೇ ಬಂದು ಚೀಟಿ ಮುಂದಿಟ್ಟಳು.

"ಚಷ್ಮಾ ಮಾಡಬ್ಯಾಡ್ರಿ ಅಂತ ಹೇಳ್ಳಾಕ ಬಂದೆ. ಮಾಮಾ ಮಂಗಳವಾರ ಹೋಗಿಬಿಟ್ರು. ಎದಿ ನೋವು ಅಂದ್ರು, ಅಷ್ಟೇ."

ಅವರು ನನ್ನನ್ನು ನೋಡಬೇಕಿತ್ತು. ಒಂದೇ ಒಂದು ಸಲ ಈ ಕಿಟಕಿಯ ಮುಂದೆ ನಿಂತು ನೋಡಬೇಕಿತ್ತು. ಆ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅವಳ ಹಿಂದೆ ಸಾಲು ಬಾಗಿಲ ತನಕ ಬೆಳೆದಿತ್ತು. ಕಣ್ಣೊರೆಸಿಕೊಂಡು, ಗದ್ದ ಎತ್ತಿ, ಮುಂದಿನವರ ಹೆಸರು ಕೇಳಿದೆ.