ಕೌದಿಯ ಹೊಟ್ಟೆ

ನಾನು ನಿದ್ದೆಗೆ ಹೆದರುವ ಮನುಷ್ಯ. ನಿದ್ದೆ ಬಾರದವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗಾಗಿ ನಾಲ್ಕು ಜನ ಮರುಗುತ್ತಾರೆ, ಹತ್ತು ಜನ ಔಷಧ ಹೇಳುತ್ತಾರೆ. ನನ್ನ ಸಂಕಟ ಬೇರೆ. ನನಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ. ಅದು ಬಂತೆಂದು ಗೊತ್ತಾದ ಕೂಡಲೇ ಬೆಚ್ಚಿ ಎದ್ದು ಕೂಡುತ್ತೇನೆ. ನಾನು ಕಣ್ಣು ಮುಚ್ಚಿದರೆ ಮನೆಯವರ ಉಸಿರಾಟವನ್ನು ನೋಡಿಕೊಳ್ಳುವವರು ಯಾರು? ನನ್ನದನ್ನು ನೋಡಿಕೊಳ್ಳುವವರಾದರೂ ಯಾರು? ವೈದ್ಯಗ್ರಂಥ ಬರೆದ ಹಿರಿಯರು ನಿದ್ದೆಯನ್ನು ಊಟದ ಪಂಕ್ತಿಯಲ್ಲೇ ಕೂಡಿಸಿದ್ದಾರೆ, ಎರಡೂ ದೇಹಕ್ಕೆ ಆಧಾರವಂತೆ. ಇರಬಹುದು. ಆದರೆ ಉಣ್ಣುವಾಗ ಕಣ್ಣು ತೆರೆದಿರುತ್ತದೆ, ಎಲೆಗೆ ಏನು ಬೀಳುತ್ತಿದೆ ಎಂದಾದರೂ ಕಾಣುತ್ತದೆ.

ಈ ಅಂಜಿಕೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹಿಂದಿನ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ದೊಡ್ಡ ಜ್ವರ ನನಗೆ ಬಿಟ್ಟುಹೋದ ಆಸ್ತಿ ಇದು. ಆಗ ನಾನು ಮೂಡಲಗಿಯಲ್ಲಿ ಸಾಲಿ ಮಾಸ್ತರ. ಸಂಜೆ ಕಟ್ಟೆಯ ಮೇಲೆ ಕೂತು ನಗಾಡಿ ಎದ್ದು ಹೋದವರು ಬೆಳಗ್ಗೆ ಏಳಲಿಲ್ಲ ಎಂಬ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ಒಂದು ಹುಕುಂ ಬಂತು: ಜ್ವರದಿಂದ ತೀರಿಕೊಂಡವರ ಬಟ್ಟೆ, ಹಾಸಿಗೆಗಳನ್ನು ಸುಡಬೇಕು. ಓದಲು ಬರುತ್ತದೆ ಎಂಬ ಒಂದೇ ಅಪರಾಧಕ್ಕಾಗಿ ಅದನ್ನು ಚಾವಡಿಯ ಮುಂದೆ ನಿಂತು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಊರವರು ಎಷ್ಟು ಕೇಳಿಸಿಕೊಂಡರೋ ತಿಳಿಯದು. ನಾನಂತೂ ಒಂದಕ್ಷರ ಬಿಡದೆ ಕೇಳಿಸಿಕೊಂಡೆ.

ನಿದ್ದೆಗೆ ಅಂಜುತ್ತೇನೆ ಎಂದು ಮೀಸೆ ಹೊತ್ತ ಗಂಡಸು ಹೇಗೆ ಹೇಳಬೇಕು? ನಿದ್ದೆ ಬರುತ್ತಿಲ್ಲ ಎಂದೆ. ತಗೊಳ್ಳಿ, ಉಪಚಾರ ಶುರುವಾಯಿತು. ನಮ್ಮವ್ವ ಅಂಗಾಲಿಗೆ ಹರಳೆಣ್ಣೆ ತಿಕ್ಕಿದಳು. ಆ ಕಾಲಿನಲ್ಲಿ ಎದ್ದು, ಆಗಷ್ಟೇ ಸಾರಿಸಿದ ನೆಲದ ಮೇಲೆ ಕಾಲಿಟ್ಟವನು ಹೊಸ್ತಿಲವರೆಗೂ ಕೂತುಕೊಂಡೇ ಹೋದೆ. ಬಾಜೂ ಮನೆಯ ಜಿನ್ನಪ್ಪ ಕಾಕಾ ಅರಿವೆ ವ್ಯಾಪಾರಿ. ಮರಾಠಿ, ಕನ್ನಡ ಎರಡನ್ನೂ ಒಂದೇ ಬಾಯಲ್ಲಿ ಆಡುವವನು. ಬೆಳಗಾವಿಯಿಂದ ತಂದ ನೀಲಗಿರಿ ಎಣ್ಣೆಯ ಶೀಸೆ ನನ್ನ ಕೈಗಿಟ್ಟ. "ಎರಡ ಹನಿ ದಿಂಬಿಗೆ ಬಿಡ್ರಿ ಮಾಸ್ತರ. ಏಕದಮ್ ಶಾಂತ ಝೋಪ ಬರತೈತಿ" ಎಂದ. ನಿದ್ದೆಯ ಬದಲು ಬಂದದ್ದು ಕಣ್ಣೀರು. ವೈದ್ಯರು ಹಾಲಿನಲ್ಲಿ ಜಾಯಿಕಾಯಿ ತೇಯ್ದು ಕುಡಿಯಲು ಹೇಳಿದರು. ನಾನು ಧಾರಾಳವಾಗಿ ತೇಯ್ದೆನೇನೋ, ಅದರ ಗುಣ ಕಂಡದ್ದು ಮರುದಿನ ಮಧ್ಯಾಹ್ನ, ಹುಡುಗರು ಮಗ್ಗಿ ಹೇಳುತ್ತಿದ್ದಾಗ. ಕಣ್ಣು ಬಿಟ್ಟು ನೋಡಿದರೆ ಸಾಲಿ ಖಾಲಿ. ಗುರುಗಳ ನಿದ್ದೆ ಕೆಡಬಾರದೆಂದು ಎಲ್ಲರೂ ಸದ್ದಿಲ್ಲದೆ ಮನೆಗೆ ಹೋಗಿದ್ದರು.

ಇಷ್ಟರವರೆಗೆ ನಗಬಹುದು. ಮುಂದಿನದಕ್ಕೆ ನನಗೆ ಈಗಲೂ ನಗು ಬರುವುದಿಲ್ಲ.

ನನ್ನ ಹೆಂಡತಿ ಗಂಗವ್ವನ ತವರು ಹುಕ್ಕೇರಿ. ಆಕೆಯ ತಾಯಿಗೆ ಅದೇ ಜ್ವರ ಬಂತು. ಗಂಗವ್ವ ಆಗ ಬಸುರಿ. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಆಕೆ ಕೇಳುತ್ತಲೂ ಇರಲಿಲ್ಲ. ತಾಯಿ ಉಳಿಯಲಿಲ್ಲ. ಮಣ್ಣು ಮಾಡಿ, ದಿನಗಳನ್ನೆಲ್ಲ ಮುಗಿಸಿ ಮೂಡಲಗಿಗೆ ಬಂದಾಗ ಆಕೆಯ ಗಂಟಿನಲ್ಲಿ ತಾಯಿಯ ಹಳೆಯ ಸೀರೆಗಳಿದ್ದವು. ಮರುದಿನವೇ ಅವನ್ನು ಹರಿದು, ಪದರ ಪದರವಾಗಿ ಹಾಸಿ, ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯತೊಡಗಿದಳು. ನಾನು ಸಾಲಿಗೆ ಹೋಗುವಾಗ ನೋಡಿದೆ, ಬಂದ ಮೇಲೆ ನೋಡಿದೆ. ಚಾವಡಿಯ ಮುಂದೆ ನಾನು ಓದಿದ ಹುಕುಂ ನನ್ನ ಮನೆಯಲ್ಲೇ ಕೆಂಪು ಸೆರಗಾಗಿ ಹರಡಿಕೊಂಡಿತ್ತು.

ನಮ್ಮ ಕಡೆ ಕೌದಿ ಹೊಲಿಯುವವರು ಕೊನೆಯ ಮೂಲೆಯನ್ನು ಸ್ವಲ್ಪ ತೆರೆದಿಟ್ಟು, ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು, ಆಮೇಲೆ ಬಾಯಿ ಹೊಲಿಯುತ್ತಾರೆ. ಯಾಕೆಂದು ಕೇಳಿದೆ. "ಕೌದಿಗೂ ಹೊಟ್ಟಿ ಇರತೈತ್ರಿ" ಎಂದಳು ಗಂಗವ್ವ. "ಅದು ಹಸದಿದ್ರ ಹೊಚಗೊಂಡಾವ್ರಿಗೆ ನಿದ್ದಿ ಹತ್ತೂದಿಲ್ಲ." ಆ ಕೌದಿ ಹೊದ್ದ ಮೇಲೆ, ತಾಯಿ ಹೋದಂದಿನಿಂದ ರೆಪ್ಪೆ ಮುಚ್ಚದಿದ್ದವಳು ಮಗುವಿನ ಹಾಗೆ ಮಲಗಿದಳು. ನಾನು ಅದರ ಅಂಚು ಕಾಲಿಗೆ ತಾಗೀತೆಂದು ಗೋಡೆಗೆ ಅಂಟಿಕೊಂಡು ಮಲಗಿದೆ. ಸೀರೆಯ ಮಡಿಕೆಯಲ್ಲಿ ಜ್ವರ ಕೂತಿದೆ, ಮೊದಲು ಇವಳನ್ನು ಹಿಡಿಯುತ್ತದೆ, ಆಮೇಲೆ ಹೊಟ್ಟೆಯಲ್ಲಿರುವುದನ್ನು. ಬೇರೆ ಯಾವ ಯೋಚನೆಯೂ ನನಗೆ ಬರುತ್ತಿರಲಿಲ್ಲ. ಆಕೆ ಕೆಮ್ಮಿದರೆ ಎದ್ದು ಕೂಡುತ್ತಿದ್ದೆ. ಕೆಮ್ಮದಿದ್ದರೆ ಮೂಗಿನ ಹತ್ತಿರ ಕೈಯಿಟ್ಟು ನೋಡುತ್ತಿದ್ದೆ.

ಬಿಸಿಲಿಗೆ ಹಾಕಿದೆ. ಬೇವಿನ ಹೊಗೆ ಕೊಟ್ಟೆ. ಜಿನ್ನಪ್ಪ ಕಾಕಾನ ಶೀಸೆಯನ್ನು ಅದರ ಮೇಲೆ ಬರಿದು ಮಾಡಿದೆ. ಮನೆಯ ಬೆಕ್ಕು ಅವತ್ತೇ ಕಾಕಾನ ಮನೆಗೆ ಬಿಡಾರ ಬದಲಿಸಿತು. ಅಂಜಿಕೆ ಮಾತ್ರ ಹೋಗಲಿಲ್ಲ. ಕೊನೆಗೆ ಒಂದು ದಿನ ಆಕೆ ನೀರಿಗೆ ಹೋದ ಹೊತ್ತು ನೋಡಿ ಕೌದಿಯನ್ನು ಸುತ್ತಿ ಬಗಲಲ್ಲಿಟ್ಟುಕೊಂಡು ಹಿತ್ತಲಿಗೆ ಹೋದೆ. ಕಡ್ಡಿ ಗೀರಿದೆ, ಗಾಳಿಗೆ ಆರಿತು. ಇನ್ನೊಂದು ಗೀರುವಷ್ಟರಲ್ಲಿ ತುಂಬಿದ ಕೊಡ ಹೊತ್ತ ಗಂಗವ್ವ ಎದುರಿಗೆ ನಿಂತಿದ್ದಳು.

"ಏನ್ ಮಾಡಾಕತ್ತೀರಿ?"

"ಬಿಸಲಿಗೆ ಹಾಕಾಕ ತಂದೇನಿ."

"ಕಡ್ಡಿಪೆಟ್ಟಗಿ ಹಿಡಕೊಂಡು ಬಿಸಲಿಗೆ ಯಾರ ಹಾಕ್ತಾರ್ರಿ?"

ನಾನು ಇನ್ನೊಂದು ಸುಳ್ಳು ಹೇಳಲು ಹೋಗಲಿಲ್ಲ. ನನಗೆ ಅಂಜಿಕೆ, ನಿನ್ನ ಜೀವದ ಅಂಜಿಕೆ, ಕೂಸಿನ ಅಂಜಿಕೆ ಎಂದುಬಿಟ್ಟೆ. ಸಾಲಿಯಲ್ಲಿ ಬೆತ್ತ ಹಿಡಿಯುವವನ ದನಿ ಆಗ ಬೆತ್ತ ಕಂಡ ಹುಡುಗನ ದನಿಯಂತಿತ್ತು. ಆಕೆ ಕೊಡ ಇಳಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

"ನನಗೇನ್ ಅಂಜಿಕಿ ಇಲ್ಲಂತ ತಿಳದೀರೇನು?" ಎಂದಳು. "ಒಗದು ಹೊಲೀಬೇಕಂತ ನನಗೂ ಗೊತ್ತೈತ್ರಿ. ಒಗದ್ರ ಅವ್ವನ ವಾಸನಿ ಹೋಗತೈತಿ. ನಿಮ್ಮ ಹೊಗಿ, ಎಣ್ಣೀ ಕೆಳಗ ಎಲಿ, ಅಡಕಿ, ಅರಿಷಿಣ, ಎಲ್ಲಾ ಇನ್ನೂ ಇದರಾಗ ಐತಿ. ಅದು ಮೂಗಿಗೆ ಬಡೀಲಿಲ್ಲಂದ್ರ ನನಗ ಆಕಿ ಕಡೀ ಉಸರಾ ಕೇಳಸ್ತೈತಿ."

ಕಡ್ಡಿಪೆಟ್ಟಿಗೆಯನ್ನು ಅಂಗಿಯ ಜೇಬಿಗೆ ಸೇರಿಸಿದೆ. ಆಕೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ, "ಸುಡೂದು ಬ್ಯಾಡ್ರಿ, ಕುದಸೋಣು" ಎಂದಳು.

ದೊಡ್ಡ ಹಂಡೆಗೆ ನೀರು ತುಂಬಿ, ಅರಿವೆ ಒಗೆಯುವ ಸವಳು ಹಾಕಿ, ಕೌದಿ ಅದ್ದಿ ಕೆಳಗೆ ಬೆಂಕಿ ಮಾಡಿದೆವು. ಸೆರಗಿನ ಕೆಂಪೆಲ್ಲ ನೀರಿಗಿಳಿಯಿತು. ಕೋಲಿನಿಂದ ತಿರುವುತ್ತಿದ್ದವನು ನಾನು, ಅಳುತ್ತಿದ್ದವಳು ಅವಳು. ಜೀವ ಉಳಿಸುವ ಕೆಲಸ ಮಾಡುತ್ತಿದ್ದೇನೆ ಎಂಬ ಸಮಾಧಾನ ನನಗೆ ಒಂದಿಷ್ಟೂ ಬರಲಿಲ್ಲ. ಅತ್ತೆಯನ್ನು ಎರಡನೆಯ ಸಲ ಕಳಿಸಿಕೊಟ್ಟಂತೆ ಅನಿಸುತ್ತಿತ್ತು.

ಕೌದಿ ಒಣಗಿತು. ಬರೀ ಸವಳಿನ ವಾಸನೆ. ಗಂಗವ್ವನ ನಿದ್ದೆ ಹೋಯಿತು. ಈಗ ಮನೆಯಲ್ಲಿ ಕಾವಲುಗಾರರು ಇಬ್ಬರಾದರು. ಆಕೆಯ ಕಣ್ಣ ಕೆಳಗೆ ಕಪ್ಪು ಕೂತು, ಮುಖ ಬಾಡಿ, ಅನ್ನ ಸೇರದಾಯಿತು. ಜ್ವರದಿಂದ ಉಳಿಸಿದವಳನ್ನು ನಿದ್ದೆಗೇಡಿನಿಂದ ಕಳೆದುಕೊಳ್ಳುತ್ತೇನೋ ಎಂಬ ಹೊಸ ಭಯ ನನ್ನನ್ನು ಹಿಡಿಯಿತು. ಹರಳೆಣ್ಣೆ, ಜಾಯಿಕಾಯಿ ಎಲ್ಲವನ್ನೂ ಆಕೆಯ ಮುಂದೆ ತಂದಿಟ್ಟೆ. ಆಕೆ ಮುಟ್ಟಲಿಲ್ಲ.

ದಾರಿ ಕಂಡದ್ದು ನಮ್ಮವ್ವನಿಗೆ. ಒಂದು ದಿನ ಊಟದ ಹೊತ್ತಿಗೆ ಕೌದಿಯ ಮೂಲೆ ಒತ್ತಿ ನೋಡಿ ಹುಬ್ಬೇರಿಸಿದಳು. "ಅಲ್ಲೋ ತಮ್ಮಾ, ಇದರ ಹೊಟ್ಟ್ಯಾಗಿನ ರೊಟ್ಟಿ ಎಲ್ಲಾ ಕುದ್ದು ಹೋಗೇತಿ. ಉಪವಾಸ ಕೆಡವಿದ ಕೌದಿ ನಿದ್ದಿ ಎಲ್ಲಿಂದ ಕೊಡಬೇಕು?" ಎಂದವಳೇ ಮೂಲೆಯ ಹೊಲಿಗೆ ಬಿಚ್ಚಿ ಸೊಸೆಯ ಮುಂದೆ ಹಿಡಿದಳು. ಗಂಗವ್ವ ರೊಟ್ಟಿ ಮುರಿದು ಇಟ್ಟಳು. ಆಮೇಲೆ ಎದ್ದುಹೋಗಿ, ತಾಯಿಯ ಎಲೆಅಡಿಕೆಯ ಸಂಚಿ ತಂದಳು. ಅದೂ ಹುಕ್ಕೇರಿಯಿಂದ ಬಂದಿತ್ತೆಂದು ನನಗೆ ಗೊತ್ತೇ ಇರಲಿಲ್ಲ! ಒಣಗಿದ ಒಂದು ಎಲೆ, ಒಂದು ಅಡಿಕೆ ಹೋಳು ತೆಗೆದು, ನನ್ನ ಮುಖ ನೋಡಿದಳು. ಅವನ್ನು ಯಾರೂ ಕುದಿಸಿರಲಿಲ್ಲ. ಆದರೂ ಕೈ ಚಾಚಿ ಅವೆರಡನ್ನೂ ಇಸಿದುಕೊಂಡು ನಾನೇ ಮೂಲೆಯೊಳಗಿಟ್ಟೆ. ಅವ್ವ ಬಾಯಿ ಹೊಲಿದಳು. ಆ ಮಧ್ಯಾಹ್ನವೇ ಗಂಗವ್ವ ಆ ಮೂಲೆಗೆ ಮೂಗು ಹಚ್ಚಿ ಮಲಗಿ, ದೀಪ ಹಚ್ಚುವ ಹೊತ್ತಿನವರೆಗೂ ಏಳಲಿಲ್ಲ. ಉಸಿರು ನೋಡುತ್ತ ನಾನು ಪಕ್ಕದಲ್ಲೇ ಕೂತಿದ್ದೆ, ಗೋಡೆಗೆ ಅಂಟಿಕೊಳ್ಳದೆ.

ಜ್ವರ ನಮ್ಮ ಹೊಸ್ತಿಲು ತುಳಿಯಲಿಲ್ಲ. ಕುದಿಸಿದ್ದರಿಂದಲೋ, ಹೊಟ್ಟೆ ತುಂಬಿಸಿದ್ದರಿಂದಲೋ, ನಾನು ತೀರ್ಪು ಹೇಳಲಾರೆ. ಆಗ ಹುಟ್ಟಿದ ಮಗಳು ನೀಲವ್ವ ಈಗ ಗೋಕಾಕದ ಸೊಸೆ. ಆಕೆಗೆ ಕೊಡಲೆಂದು ಗಂಗವ್ವ ಈಗ ಮತ್ತೆ ಕೌದಿ ಹೊಲಿಯುತ್ತಿದ್ದಾಳೆ. ಈ ಸಲ ನಶ್ಯದ ವಾಸನೆ ಹತ್ತಿದ ನನ್ನ ಧೋತರಗಳಿಂದ. ಇನ್ನೂ ಉಡುತ್ತಿದ್ದ ಒಂದೂ ಅದರಲ್ಲಿ ಸೇರಿದ್ದು ನನಗೆ ತಡವಾಗಿ ತಿಳಿಯಿತು. ತವರಿಗೆ ಬಂದಿರುವ ಮಗಳನ್ನು ಕರೆದೊಯ್ಯಲು ಬಂದ ಅಳಿಯ ದವಾಖಾನೆಯಲ್ಲಿ ಕಂಪೌಂಡರ. ಕೌದಿಯನ್ನು ದೂರದಿಂದಲೇ ನೋಡಿ, ಸಂಕೋಚದಿಂದ, "ಮಾವಾರ, ಅರಿವಿ ಎಲ್ಲಾ ಕುದಿಸ್ಯಾರೇನ್ರಿ?" ಎಂದು ಕೇಳಿದ. ನನಗೆ ಅವನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಮಗಳ ಉಸಿರು ನೋಡುವವನೊಬ್ಬ ಆ ಮನೆಯಲ್ಲಿದ್ದಾನೆ.

ಆದರೆ ಕೊನೆಯ ಮೂಲೆ ತೆರೆದಿರುವುದನ್ನು ಕಂಡಾಗ ಹಳೆಯ ಅಂಜಿಕೆ ಎದ್ದಿತು. ಯಾರ ವಾಸನೆಗಾಗಿ ಈ ಹೊಟ್ಟೆ ಎಂದು ನನಗೆ ಚೆನ್ನಾಗಿ ಗೊತ್ತು. ಸುಮ್ಮನೆ ಹೋಗಿ ನನ್ನ ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ತೆಗೆದು ರೊಟ್ಟಿಯ ಚೂರಿನ ಪಕ್ಕ ಹಾಕಿದೆ.

"ಸಾಯೂ ಮಾತ ಯಾಕ್ರಿ ಈಗ?" ಎಂದಳು ಗಂಗವ್ವ, ನಾನು ಮಾತೇ ಆಡದಿದ್ದರೂ.

"ಸಾಯೂ ಮಾತಲ್ಲ, ನಿದ್ದೀ ಮಾತು" ಎಂದೆ.

"ನಶ್ಯಾ ಹಾಕಿದ್ರ ಹುಡಗಿಗೆ ಸೀನ ಬರತೈತಿ."

ಬರಲಿ. ಮುಂದೆ ಒಂದು ದಿನ ಮಗಳು ಆ ಮೂಲೆಗೆ ಮೂಗು ಹಚ್ಚಿದಾಗ ಅಳುವಿಗಿಂತ ಮೊದಲು ಸೀನು ಬರಲಿ ಎಂದೇ ನಾನು ಹಾಕಿದ್ದು.